ಮೋಟಾರು ಕಾರಿನಲ್ಲಿ ವರ್ಧಕ ಮತ್ತು ಸ್ಪೀಕರು: ಶಕ್ತಿಯ ಹೊಂದಾಣಿಕೆಯ ಚರಿತ್ರೆ

ಕನ್ನಡದಲ್ಲಿ ಧ್ವನಿವರ್ಧಕವೆಂಬ ಒಂದೇ ಶಬ್ದ ಎರಡು ಉಪಕರಣಗಳಿಗೆ ಸಲ್ಲುತ್ತ ಬಂದಿದೆ. ಕ್ಷೀಣವಾದ ವಿದ್ಯುತ್ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರಿಗೂ, ಆ ಸಂಕೇತವನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವ ಲೌಡ್‌ಸ್ಪೀಕರಿಗೂ ನಾವು ಈ ಹೆಸರನ್ನೇ ಬಳಸುತ್ತೇವೆ. ಪ್ರಕೃತ ಲೇಖನದಲ್ಲಿ ಮೊದಲನೆಯದನ್ನು ವರ್ಧಕವೆಂದೂ ಎರಡನೆಯದನ್ನು ಸ್ಪೀಕರೆಂದೂ ಕರೆಯೋಣ. ಇವೆರಡರ ನಡುವಣ ಹೊಂದಾಣಿಕೆಯ ಚರಿತ್ರೆಯನ್ನು ಮೋಟಾರು ಕಾರಿನ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ. ಈ ಚರಿತ್ರೆಯ ನಡುವೆ ಹೊಂದಾಣಿಕೆ ಎಂಬ ಮಾತಿನ ಅರ್ಥವೇ ಬದಲಾಯಿತೆಂದೂ, ಹಳೆಯ ಅರ್ಥ ಹೊಸ ಕಾಲಕ್ಕೂ ಉಳಿದುಬಂದುದರಿಂದ ಕೆಲವು ತಪ್ಪು ಗ್ರಹಿಕೆಗಳು ಹುಟ್ಟಿದುವೆಂದೂ ನಮ್ಮ ಅಭಿಪ್ರಾಯ.

ಇಂದಿನ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರುಗಳು 1925ರಲ್ಲಿ ವಿವರಿಸಿದರು. ಅಯಸ್ಕಾಂತದ ನಡುವೆ ಆಡುವ ತಂತಿಯ ಸುರುಳಿ, ಅದಕ್ಕಂಟಿದ ಕಾಗದದ ಶಂಕು: ಇವೇ ಅದರ ಅಂಗಗಳು. 1930ರಲ್ಲಿ ಷಿಕಾಗೋ ನಗರದ ಗ್ಯಾಲ್ವಿನ್ ಕಾರ್ಖಾನೆಯವರು ಮೋಟೊರೋಲ ಎಂಬ ಕಾರ್ ರೇಡಿಯೋವನ್ನು ಮಾರಾಟಕ್ಕೆ ತಂದರು. ಆಗಿನ ವಾಲ್ವುಗಳಿಗೆ ನೂರಕ್ಕೂ ಮೀರಿದ ವೋಲ್ಟ್‌ಗಳು ಬೇಕು. ಕಾರಿನ ಬ್ಯಾಟರಿಯದಾದರೋ ಸಾಮಾನ್ಯವಾಗಿ 6 ವೋಲ್ಟ್. ಈ ಕೊರತೆಯನ್ನು ಮೊದಲು ಪ್ರತ್ಯೇಕ ಬ್ಯಾಟರಿಗಳಿಂದಲೂ, ಅನಂತರ ವೈಬ್ರೇಟರ್ ಎಂಬ ಕಂಪಿಸುವ ಸ್ವಿಚ್ಚು ಹಾಗೂ ಟ್ರಾನ್ಸ್‌ಫಾರ್ಮರುಗಳಿಂದಲೂ ತುಂಬಿದರು.

ಆ ಯುಗದಲ್ಲಿ ಹೊಂದಾಣಿಕೆ ಎಂದರೆ ಪ್ರತಿರೋಧದ ಹೊಂದಾಣಿಕೆ. ವಾಲ್ವು ತನಗೆ ನಿಗದಿಯಾದ ಸಾವಿರಾರು ಓಮ್‌ಗಳ ಭಾರವನ್ನು ಕಂಡಾಗ ಮಾತ್ರ ಪೂರ್ಣಶಕ್ತಿಯನ್ನು ಕೊಡುತ್ತದೆ. ಸ್ಪೀಕರಿನ ಸುರುಳಿಯದು ಕೆಲವೇ ಓಮ್‌ಗಳು. 5000 ಓಮ್ ಬೇಡುವ ವಾಲ್ವಿಗೆ 4 ಓಮಿನ ಸ್ಪೀಕರನ್ನು ಜೋಡಿಸಲು ಸುಮಾರು 35ಕ್ಕೆ 1ರ ಸುತ್ತುಗಳ ಪ್ರಮಾಣವುಳ್ಳ ಟ್ರಾನ್ಸ್‌ಫಾರ್ಮರು ಆವಶ್ಯಕ. ಏಕೆಂದರೆ ಪ್ರತಿರೋಧದ ಪ್ರಮಾಣವು ಸುತ್ತುಗಳ ಪ್ರಮಾಣದ ವರ್ಗಕ್ಕೆ ಸಮ.

1947ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1955ರಲ್ಲಿ ಫಿಲ್ಕೋ ಮತ್ತು ಕ್ರೈಸ್ಲರ್ ಸಂಸ್ಥೆಗಳು ವಾಲ್ವೇ ಇಲ್ಲದ ಕಾರ್ ರೇಡಿಯೋವನ್ನು ಪ್ರಕಟಿಸಿದುವು. ಅದೇ ದಶಕದಲ್ಲಿ ಅಮೆರಿಕದ ಕಾರುಗಳು 12 ವೋಲ್ಟಿನ ಬ್ಯಾಟರಿಗೆ ಬದಲಾದುವು. ಮುಂದೆ ನಿರ್ಗಮದ ಟ್ರಾನ್ಸ್‌ಫಾರ್ಮರು ಕ್ರಮೇಣ ಮರೆಯಾಯಿತು. ಟ್ರಾನ್ಸ್‌ಫಾರ್ಮರಿಲ್ಲದ ವರ್ಧಕದ ಸ್ವಂತ ಪ್ರತಿರೋಧವು ಒಂದು ಓಮಿನ ಅಲ್ಪಾಂಶ ಮಾತ್ರ. ಸ್ಪೀಕರನ್ನು ಅದಕ್ಕೆ ಸಮಗೊಳಿಸುವುದು ಅನಾವಶ್ಯಕವಷ್ಟೇ ಅಲ್ಲ, ಅಪಾಯಕರ. ಹಳೆಯ ಅರ್ಥದ ಹೊಂದಾಣಿಕೆ ಇಲ್ಲಿಗೆ ಮುಗಿಯಿತು.

ಹೊಸ ಪ್ರಶ್ನೆ ಬ್ಯಾಟರಿಯ ಮಿತಿಯದು. ಇಂಜಿನು ನಡೆಯುತ್ತಿರುವಾಗ ದೊರೆಯುವ ವೋಲ್ಟೇಜನ್ನು 14.4 ಎಂದಿಟ್ಟುಕೊಳ್ಳೋಣ. ಸಾಮಾನ್ಯ ಮಂಡಲದಲ್ಲಿ ಅಲೆಯ ಶಿಖರ ಇದರ ಅರ್ಧ, ಎಂದರೆ 7.2 ವೋಲ್ಟ್. ಇದರಿಂದ 8 ಓಮಿನ ಸ್ಪೀಕರಿಗೆ ಸುಮಾರು 3 ವ್ಯಾಟ್, 4 ಓಮಿನದಕ್ಕೆ ಸುಮಾರು 6.5 ವ್ಯಾಟ್ ಮಾತ್ರ ಲಭ್ಯ. ಮನೆಯ ಸ್ಪೀಕರು ಹಲವೊಮ್ಮೆ 8 ಓಮಿನದಾಗಿರಲು, ಕಾರಿನಲ್ಲಿ 4 ಓಮ್ ಏಕೆ ರೂಢಿಯಾಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎರಡು ವರ್ಧಕಗಳನ್ನು ಸೇತುವೆಯಂತೆ ಜೋಡಿಸಿ ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡಿದರೆ ಶಕ್ತಿ ನಾಲ್ಮಡಿಯಾಗಿ, ಲೆಕ್ಕದಂತೆ 26 ವ್ಯಾಟ್ ಆಗುತ್ತದೆ. ನಷ್ಟಗಳನ್ನು ಕಳೆದರೆ ಇನ್ನೂ ಕಡಮೆ. ಇದಕ್ಕೂ ಹೆಚ್ಚು ಬೇಕಾದರೆ ವೋಲ್ಟೇಜನ್ನೇ ಏರಿಸುವ ಪರಿವರ್ತಕ ಬೇಕು, ಇಲ್ಲವೇ ಪ್ರತಿರೋಧವನ್ನು ಇಳಿಸಬೇಕು. 4 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗಿ ಪ್ರವಾಹ ಇಮ್ಮಡಿಸುತ್ತದೆ. ಅದಕ್ಕೆಂದು ರಚಿತವಾಗದ ವರ್ಧಕ ಕಾಯ್ದು ಕೆಡುವುದು.

ಹಾಗಾದರೆ ಸ್ಪೀಕರಿನ ಮೇಲೆ ಅಚ್ಚಾದ ವ್ಯಾಟ್‌ಗಳ ಅರ್ಥವೇನು? ಅದು ಶಬ್ದದ ಅಳತೆಯಲ್ಲ, ತಾಪವನ್ನು ತಾಳುವ ಅಳತೆ. ಸಾಮಾನ್ಯ ಸ್ಪೀಕರಿಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಶಬ್ದವಾಗುತ್ತದೆ. ಉಳಿದುದು ಬಹುಮಟ್ಟಿಗೆ ಸುರುಳಿಯ ಬಿಸಿ. ಶಬ್ದದ ಮಟ್ಟವು 3 ಡೆಸಿಬೆಲ್ ಏರಲು ಶಕ್ತಿ ಎರಡರಷ್ಟಾಗಬೇಕು, 10 ಡೆಸಿಬೆಲ್ ಏರಲು ಹತ್ತರಷ್ಟಾಗಬೇಕು. ಆದಕಾರಣ 6 ಡೆಸಿಬೆಲ್ ಹೆಚ್ಚು ಸಂವೇದನೆಯುಳ್ಳ ಸ್ಪೀಕರನ್ನು ಆರಿಸುವುದು ವರ್ಧಕವನ್ನು ನಾಲ್ಮಡಿಗೊಳಿಸಿದಂತೆಯೇ ಸರಿ.

ದೊಡ್ಡ ವರ್ಧಕವೇ ಸ್ಪೀಕರನ್ನು ಸುಡುತ್ತದೆ ಎಂಬ ನಂಬಿಕೆ ಅರ್ಧಸತ್ಯ. ಸಂಗೀತದ ಸರಾಸರಿ ಶಕ್ತಿ ಅದರ ಶಿಖರಕ್ಕಿಂತ ಬಹಳ ಕೆಳಗಿರುವುದರಿಂದ, ಮಿತವಾಗಿ ನುಡಿಸಿದ ದೊಡ್ಡ ವರ್ಧಕ ನಿರಪಾಯ. ಚಿಕ್ಕ ವರ್ಧಕವನ್ನು ಮಿತಿಮೀರಿ ದುಡಿಸಿದಾಗಲಾದರೋ ಅಲೆಯ ತುದಿ ಕತ್ತರಿಸಿ ಚೌಕವಾಗುತ್ತದೆ. ಆಗ 20 ವ್ಯಾಟಿನ ವರ್ಧಕವೂ 40 ವ್ಯಾಟಿನವರೆಗೆ ಸುರಿಯಬಲ್ಲದು. ಶಿಖರಗಳು ಅಡಗಿ ಸರಾಸರಿ ಏರುವುದರಿಂದ ಸುರುಳಿಗೆ ತಣಿಯಲು ಬಿಡುವಿಲ್ಲ.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ಅಂಕಿಯ ಪ್ರಾಮಾಣಿಕತೆ. ಅಮೆರಿಕ ಸರಕಾರದ ವಾಣಿಜ್ಯ ಆಯೋಗವು 1974ರಲ್ಲಿ ವರ್ಧಕಗಳ ವ್ಯಾಟ್ ಘೋಷಣೆಗೆ ನಿಯಮ ವಿಧಿಸಿತು. ಆದರೆ ಅದು ಮನೆಯ ಉಪಕರಣಗಳಿಗೆ ಮೀಸಲು. ಕಾರಿನ ವರ್ಧಕಗಳಲ್ಲಿ ಕ್ಷಣಿಕ ಶಿಖರವನ್ನೇ ಶಕ್ತಿಯೆಂದು ಮುದ್ರಿಸುವ ಪದ್ಧತಿ ಬೆಳೆಯಿತು. 2003ರಲ್ಲಿ ಅಲ್ಲಿನ ಉದ್ಯಮದವರೇ 14.4 ವೋಲ್ಟ್, 4 ಓಮ್, ಶೇಕಡ 1ನ್ನು ಮೀರದ ವಿಕೃತಿ ಎಂಬ ಅಳತೆಯನ್ನು ಒಪ್ಪಿದರು, ಅದೂ ಐಚ್ಛಿಕ. ಅದಕ್ಕೂ ಮೊದಲೇ, 1983ರ ಮಾದರಿಯ ಕೆಲವು ಕ್ಯಾಡಿಲಾಕ್ ಮೊದಲಾದ ಕಾರುಗಳಲ್ಲಿ ಬೋಸ್ ಮತ್ತು ಡೆಲ್ಕೋ ಸಂಸ್ಥೆಗಳು ಸ್ಪೀಕರಿಗೊಂದು ವರ್ಧಕವನ್ನಿಟ್ಟು, ಆಯಾ ಕಾರಿನ ಒಳಾವರಣಕ್ಕೆ ತಕ್ಕಂತೆ ಹೊಂದಿಸಿ ಬೇರೊಂದು ದಾರಿಯನ್ನು ತೋರಿಸಿದ್ದುವು. ಕೊಳ್ಳುವವನು ಹೊಂದಿಸಬೇಕಾದ ಅಗತ್ಯವೇ ಅಲ್ಲಿರಲಿಲ್ಲ.

ಒಟ್ಟಿನಲ್ಲಿ, ಸ್ಪೀಕರಿನ ಪ್ರತಿರೋಧ ವರ್ಧಕದ ಕನಿಷ್ಠ ಮಿತಿಗಿಂತ ಇಳಿಯಬಾರದು, ಎರಡರ ನಿರಂತರ ಶಕ್ತಿಯ ಅಂಕಿಗಳನ್ನೇ ಹೋಲಿಸಬೇಕು, ಸಂವೇದನೆಯನ್ನು ಮರೆಯಬಾರದು. ಯಾವ ಷರತ್ತಿನಲ್ಲಿ ಅಳೆದುದೆಂದು ತಿಳಿಯದ ವ್ಯಾಟ್ ಬರಿಯ ಸಂಖ್ಯೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಓಮನ ನಿಯಮವನ್ನು ಕಲಿಯುವಾಗಲೇ ಅಂಥ ಸಂಖ್ಯೆಗಳನ್ನು ಪ್ರಶ್ನಿಸುವುದನ್ನೂ ಕಲಿತರೆ, ಈ ಚಿಕ್ಕ ಚರಿತ್ರೆಯ ಪ್ರಯೋಜನ ಕೈಗೂಡಿದಂತೆ ಎಂದು ನಾವು ಭಾವಿಸುತ್ತೇವೆ.