ಅತ್ತೆಯ ಕೆಂಗಣ್ಣು ಮತ್ತು ಬಾಟಲಿಯ ಸಣ್ಣಕ್ಷರ

ಭಟ್ಕಳದಿಂದ ಕುಮಟಾವರೆಗೆ ಹೆದ್ದಾರಿ ಅಗಲ ಮಾಡೋ ಕೆಲಸದ ಧೂಳು ತಿನ್ನದವರು ಯಾರಿದ್ದಾರೆ? ಹೊನ್ನಾವರದ ನಮ್ಮತ್ತೆಯ ಕಣ್ಣು ಕೆಂಪಾದದ್ದೂ ಅದರಿಂದಲೇ ಅಂತ ಎಲ್ಲರೂ ನಂಬಿದ್ದೆವು. ಅಜ್ಜಿಯಾಗಿದ್ದರೆ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ಕಣ್ಣ ಮೇಲಿಡುತ್ತಿದ್ದಳು. ಅತ್ತೆಯದು ಡ್ರಾಪ್ಸ್. ತಿಂಗಳಿಗೆ ಎರಡು ಬಾಟಲಿ. "ತಮಾ, ಬರ್ತಾ ಅದೊಂದು ತಗಂಡು ಬಾ" ಅನ್ನೋಳು. 'ಅದು' ಅಂದರೆ ಒಂದು ಕಂಪನಿ ಇಟ್ಟ ಹೆಸರು.

ಅದರ ಜೆನೆರಿಕ್ ಸಿಗುತ್ತದಾ ಅಂತ ಮೂರೂ ಊರಿನ ಮೆಡಿಕಲ್‌ಗಳಲ್ಲಿ ಕೇಳಿದೆ. ಕೊಟ್ಟದ್ದೆಲ್ಲ ಬೇರೆ ಬೇರೆ ಹೆಸರಿನವೇ. ಬೇಜಾರಾಗಿ ಬಾಟಲಿಯ ಸಣ್ಣಕ್ಷರ ಓದಿದೆ: ನ್ಯಾಫಜೋಲಿನ್, ಫಿನೈಲೆಫ್ರಿನ್, ಮೆಂಥಾಲ್, ಕರ್ಪೂರ. ಎಲ್ಲದರಲ್ಲೂ ಹೆಚ್ಚುಕಡಿಮೆ ಇದೇ!

ನ್ಯಾಫಜೋಲಿನ್ 1940ರ ದಶಕದಲ್ಲಿ ಕಟ್ಟಿದ ಮೂಗಿಗೆ ಅಂತ ಬಂದ ಔಷಧ. ಅದರ ಪೇಟೆಂಟ್ ಎಂದೋ ಮುಗಿದಿದೆ. ಇನ್ನು ನಮ್ಮಲ್ಲಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿಯ ಬೆನ್ನಿಗೆ 1970ರ ಪೇಟೆಂಟ್ ಕಾಯ್ದೆ ಬಂತು, 1972ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಔಷಧಕ್ಕೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. 2005ರವರೆಗೂ ಹೀಗೇ ನಡೆಯಿತು. ಯಾರು ಬೇಕಾದರೂ ಬೇರೆ ದಾರಿಯಲ್ಲಿ ಅದೇ ಔಷಧ ಮಾಡಬಹುದಿತ್ತು, ಮಾಡಿದವರೆಲ್ಲ ತಮ್ಮದೊಂದು ಹೆಸರಿಟ್ಟರು. ಅಂದರೆ ನಾನು 'ಬ್ರ್ಯಾಂಡ್' ಅಂತ ದೂರ ಇಡಲು ಹೊರಟಿದ್ದೇ ಜೆನೆರಿಕ್ಕು! ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಿ ಅಂತ ಹಾಥಿ ಸಮಿತಿ 1975ರಲ್ಲೇ ಹೇಳಿತ್ತು. ಯಾರು ಕೇಳಬೇಕು? ಔಷಧದ ನಿಜ ಹೆಸರು ಬ್ರ್ಯಾಂಡ್‌ಗಿಂತ ದಪ್ಪಗಿರಬೇಕು ಅನ್ನೋ ನಿಯಮ ಬಂದದ್ದು 2018ರಲ್ಲಿ. ಅದರಲ್ಲೂ ಮೂರು ಅಥವಾ ಹೆಚ್ಚು ಔಷಧಗಳ ಮಿಶ್ರಣಕ್ಕೆ ವಿನಾಯಿತಿ. ಅತ್ತೆಯ ಬಾಟಲಿಯಲ್ಲಿ ಸಣ್ಣಕ್ಷರ ಸಣ್ಣದಾಗೇ ಉಳಿದದ್ದು ಹೀಗಿರಬೇಕು.

ಇಷ್ಟೆಲ್ಲ ಓದಿ ಬೀಗುತ್ತಾ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ರ ಕರೆದೊಯ್ದೆ, ಯಾವುದು ಅಗ್ಗ ಅಂತ ಕೇಳೋಣ ಅಂತ. ಅವರು ಕೇಳಿದ್ದು ಒಂದೇ: "ಎಷ್ಟು ದಿನದಿಂದ ಹಾಕ್ತಿದ್ದೀರಿ?"

"ಮಳೆಗಾಲದಿಂದ." ಅದು ಮಾರ್ಚ್ ತಿಂಗಳು.

ಈ ಹನಿ ಕಣ್ಣಿನ ರಕ್ತನಾಳಗಳನ್ನು ಬಿಗಿಯುತ್ತದೆ, ಅದಕ್ಕೇ ಬಿಳಿ ಕಾಣುತ್ತದೆ. ಬಿಗಿ ಇಳಿದಾಗ ನಾಳಗಳು ಮೊದಲಿಗಿಂತ ಹಿಗ್ಗುತ್ತವೆ. ಮತ್ತೆ ಕೆಂಪು, ಮತ್ತೆ ಹನಿ. ಕೆಲವರಲ್ಲಿ ಕಣ್ಣಿನೊತ್ತಡವೂ ಏರಬಹುದಂತೆ. ಅತ್ತೆಯದು ಏರಿರಲಿಲ್ಲ, ಬಚಾವು. ಧೂಳು ಶುರು ಮಾಡಿದ್ದನ್ನು ಬಾಟಲಿ ಮುಂದುವರಿಸಿತ್ತು, ನಾನು ಅದಕ್ಕೇ ಅಗ್ಗದ ಬದಲಿ ಹುಡುಕುತ್ತಿದ್ದೆ.

ಹನಿ ಬಿಡಿಸಿದ ಮೇಲೆ ಒಂದು ವಾರ ಕಣ್ಣು ಕೆಂಡದಂತಿತ್ತು. ಅತ್ತೆ ನನ್ನನ್ನೇ ಬೈದಳು. ಒಳಗಿದ್ದದ್ದು ಒಣಗಣ್ಣು. ಅದಕ್ಕೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, 0.5 ಪರ್ಸೆಂಟು. ಇದು ಜನೌಷಧಿಯಲ್ಲೂ ಸಿಗುತ್ತದೆ. ಅತ್ತೆ ಅಷ್ಟುದ್ದದ ಹೆಸರನ್ನು ಕ್ಯಾಲೆಂಡರಿನ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಮೊನ್ನೆ ಅಂಗಡಿಯವ "ಯಾವ ಕಂಪನಿದು ಅಮ್ಮಾ?" ಅಂದನಂತೆ.

"ಯಾವುದಾದ್ರೂ ಕೊಡು ಮಾರಾಯಾ, ಆ ಸಣ್ಣಕ್ಷರ ಒಂದು ಓದಿ ಹೇಳು."