ಸವಣೂರಿನ ಸಂಧಿಗಳು

ಹದಿನೆಂಟನೆಯ ಶತಮಾನದಲ್ಲಿ ಸವಣೂರಿನ ನವಾಬರು ಮಾಡಿಕೊಂಡ ಸಂಧಿಗಳನ್ನು ಬಿಡಿಬಿಡಿಯಾಗಿ ಓದಿದರೆ ಪ್ರತಿಯೊಂದೂ ಸಮಂಜಸವಾದ ನಡುಹಾದಿಯಂತೆ ತೋರುತ್ತದೆ. ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದಾಗಲೇ ಆ ನಡುವೆಂಬುದು ತಾನೇ ಜಾರುತ್ತ ಬಂದುದು ಗೋಚರವಾಗುತ್ತದೆ.

1686ರಲ್ಲಿ ಬಿಜಾಪುರವು ಪತನವಾದ ಬಳಿಕ ಅಬ್ದುಲ್ ರವೂಫ್‌ಖಾನನು ಔರಂಗಜೇಬನಿಂದ ಬಂಕಾಪುರ ಮೊದಲಾದ ಸೀಮೆಗಳನ್ನು ಜಹಗೀರಾಗಿ ಪಡೆದನು. 1747ರಲ್ಲಿ ಅಬ್ದುಲ್ ಮಜೀದ್‌ಖಾನನು ಸದಾಶಿವರಾವ್ ಭಾವುವಿಗೆ ಮಣಿದು ಈ ರಾಜ್ಯದ ಬಹುಭಾಗವನ್ನು ಮರಾಠರಿಗೆ ಬಿಟ್ಟುಕೊಟ್ಟನು.

1756ರ ಮುತ್ತಿಗೆಯು ಹೆಚ್ಚು ವಿಚಾರಾರ್ಹವಾದುದು. ಪೇಶವೆ ಬಾಳಾಜಿ ಬಾಜೀರಾಯನೂ, ಬುಸ್ಸಿಯ ಫಿರಂಗಿಗಳೊಡನೆ ಬಂದ ಸಲಾಬತ್‌ಜಂಗನೂ ಕೂಡಿ ಸವಣೂರನ್ನು ಸುತ್ತುಗಟ್ಟಿದರು. ನವಾಬ ಅಬ್ದುಲ್ ಹಕೀಮ್‌ಖಾನನ ಪಕ್ಷದಲ್ಲಿ ಗುತ್ತಿಯ ಮುರಾರಿರಾಯನಿದ್ದನು. ಕೊನೆಗೆ ಬುಸ್ಸಿಯ ಮಧ್ಯಸ್ಥಿಕೆಯಿಂದ ಸಂಧಿಯಾಯಿತು. ಹುಬ್ಬಳ್ಳಿ, ಕುಂದಗೋಳ, ಮಿಶ್ರಿಕೋಟಿಗಳು ಸೇರಿ ನವಾಬನ ಸೀಮೆಯಲ್ಲಿ ಅರ್ಧವು ಪೇಶವೆಗೆ ಹೋಯಿತು. ಅರ್ಧವೆಂದರೆ ಕಿವಿಗೆ ನ್ಯಾಯವೆನಿಸುವ ಮಾತು. ಆದರೆ ಅದು 1747ರಲ್ಲಿ ಉಳಿದುದರ ಅರ್ಧ. ಹಿಂದೆ ಹೋದುದನ್ನು ತಕ್ಕಡಿಯಲ್ಲಿಡಲಿಲ್ಲ. ಕೇಳುವವನಿಗೆ ಹಿಂದಿನ ಲಾಭವು ಸಿದ್ಧವಾದ ಹಕ್ಕಾಯಿತು. ಕೊಡುವವನಿಗೆ ಉಳಿದ ತುಂಡೇ ಪೂರ್ಣ ರಾಜ್ಯವಾಯಿತು. ನವಾಬನಿಗಾಗಿ ಅತಿಯಾಗಿ ಮರುಗಬೇಕಾದುದಿಲ್ಲ; ಅವನ ವಂಶದ ಪೂರ್ಣವೂ ಬಿಜಾಪುರದ ನಾಶದಿಂದ ಹುಟ್ಟಿದುದಷ್ಟೆ. ಎಲ್ಲಿಂದ ಅಳೆಯಲು ತೊಡಗಬೇಕೆಂಬುದನ್ನು ಗೆದ್ದವನೇ ನಿರ್ಣಯಿಸುತ್ತಿದ್ದನೆಂಬುದು ಇಲ್ಲಿ ಗಮನಿಸತಕ್ಕುದು.

1779ರಲ್ಲಿ ಹೈದರನೊಡನೆ ಆದ ಏರ್ಪಾಡು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಹೈದರನ ಮಗ ಕರೀಮನಿಗೆ ನವಾಬನ ಮಗಳನ್ನೂ, ನವಾಬನ ಹಿರಿಯ ಮಗನಿಗೆ ಹೈದರನ ಮಗಳನ್ನೂ ಕೊಟ್ಟು ಮದುವೆಗಳಾದುವು. ಮರಾಠರು ಉಳಿಸಿದ್ದ ಭಾಗವು ನವಾಬನ ಕೈಯಲ್ಲಿಯೇ ಇರತಕ್ಕುದೆಂದೂ, ಕಪ್ಪವು ಅರ್ಧಕ್ಕಿಳಿಯತಕ್ಕುದೆಂದೂ, ಅದಕ್ಕೆ ಪ್ರತಿಯಾಗಿ 2000 ಪಠಾಣ ಸವಾರರು ಹೈದರನ ಸೇವೆಗೆ ಒದಗತಕ್ಕುದೆಂದೂ ಗೊತ್ತಾಯಿತು. 1756ರಲ್ಲಿ ಸೋಲಿನ ಗುರುತಾಗಿದ್ದ ಆ ಶೇಷಭಾಗವೇ ಈಗ ಬೀಗನ ಔದಾರ್ಯವಾಗಿ ಪರಿಣಮಿಸಿತು! ಇಪ್ಪತ್ಮೂರು ವರ್ಷಗಳಲ್ಲಿ ನೆಲವು ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ಸವಾರರ ಲೆಕ್ಕವೇ ಮುಂದೆ ಟಿಪ್ಪುವಿನ ಕಾಲದಲ್ಲಿ ಬಾಕಿಯ ತಗಾದೆಯಾಯಿತು. 1786ರಲ್ಲಿ ಟಿಪ್ಪುವಿನ ಸೈನ್ಯವು ಸವಣೂರನ್ನು ಹೊಕ್ಕಾಗ ನವಾಬನು ಮರಾಠರ ಆಶ್ರಯಕ್ಕೆ ಹೋದನು. ಹಿಂದೆ ತನ್ನ ಸೀಮೆಯನ್ನು ಕಸಿದವರೇ ಈಗ ಅವನ ಪೋಷಕರು. ಪೇಶವೆಯು ತಿಂಗಳಿಗೆ 10,000 ರೂಪಾಯಿಗಳ ವೇತನವನ್ನು ಗೊತ್ತುಮಾಡಿದನು. ಆಮೇಲೆ ಜನರಲ್ ವೆಲ್ಲೆಸ್ಲಿಯ ಮಧ್ಯಸ್ಥಿಕೆಯಿಂದ ಅದರ ಬದಲಿಗೆ ವರ್ಷಕ್ಕೆ 48,000 ರೂಪಾಯಿಗಳ ಉತ್ಪನ್ನವುಳ್ಳ ಭೂಮಿಯು ದೊರೆಯಿತು. ವೇತನದ ಮೊತ್ತಕ್ಕೆ ಇದು ಅರ್ಧಕ್ಕಿಂತ ಕಡಮೆ. ಆದರೂ ನೆಲವು ಮರಳಿ ಬಂದಿತೆಂಬ ಕಾರಣದಿಂದ ಇದು ಏಳಿಗೆಯೆಂದೇ ಎಣಿಕೆಯಾಯಿತು.

ಪೇಶವಾಯಿ ಅಳಿದ ಮೇಲೆ ಆಂಗ್ಲರು 25 ಹಳ್ಳಿಗಳನ್ನು ನವಾಬನಿಗೆ ಸ್ಥಿರಪಡಿಸಿದರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಸವಣೂರು ಸಂಸ್ಥಾನದ ವಿಸ್ತಾರವು ಸುಮಾರು 70 ಚದರ ಮೈಲಿಗಳು.