ವರ್ಣಚಿತ್ರವೂ ಕತ್ತಲೆಯ ಕೋಣೆಯೂ

ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಮಿಲನದಿಂದ ಛಾಯಾಚಿತ್ರಕ್ಕೆ ವರ್ಣವನ್ನು ತರಬಹುದೆಂದು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು 1861ರಲ್ಲಿ ಲಂಡನ್ನಿನಲ್ಲಿ ತೋರಿಸಿದನು. ನೆಗೆಟಿವ್‌ನಿಂದ ಕಾಗದದ ಮೇಲೆ ವರ್ಣಚಿತ್ರವನ್ನು ಇಳಿಸುವ ಕೋಡಾಕಲರ್ ಪದ್ಧತಿಯು 1942ರಲ್ಲಿ ಬಂದಿತು. ಆದರೆ ಆ ಕಾರ್ಯವೆಲ್ಲ ಕೋಡಾಕ್ ಕಾರ್ಖಾನೆಯ ವಶದಲ್ಲಿದ್ದಿತು. 1954ರ ಅಮೆರಿಕದ ನ್ಯಾಯಾಲಯದ ಆಜ್ಞೆಯ ಬಳಿಕವೇ ಅದು ಇತರರಿಗೂ ತೆರೆಯಿತು.

ಬೆಂಗಳೂರಿನ ಹವ್ಯಾಸಿಗಳಿಗೂ ಅದು ಉತ್ಸಾಹದ ಕಾಲ. ಡಾ. ಜಿ. ಥಾಮಸ್ ಅವರು 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಸ್ಥಾಪಿಸಿದರು. ವನ್ಯಜೀವಿಗಳ ಚಿತ್ರಗ್ರಾಹಕರಾದ ಟಿ. ಎನ್. ಎ. ಪೆರುಮಾಳ್ (1932–2017) ಅವರು ಕಪ್ಪುಬಿಳುಪಿನ ಮುದ್ರಣದಲ್ಲಿ ಹೆಸರಾದರು. ಆ ಕಾಗದವು ಕೆಂಪು ಬೆಳಕಿಗೆ ಕೆಡದು. ಆದುದರಿಂದ ಕೆಂಪು ದೀಪದಡಿಯಲ್ಲಿ ಚಿತ್ರವು ದ್ರವದೊಳಗೆ ಮೂಡುವುದನ್ನು ಕಣ್ಣಾರೆ ಕಂಡು, ತಕ್ಕ ಕ್ಷಣದಲ್ಲಿ ಎತ್ತಿಬಿಡಬಹುದು.

ವರ್ಣದ ಕಾಗದವಾದರೋ ಮೂರು ಬೆಳಕುಗಳಿಗೂ ಸ್ಪಂದಿಸುವುದು. ಅದಕ್ಕೆ ಗಾಢಾಂಧಕಾರವೇ ಬೇಕು. ದ್ರವದ ಉಷ್ಣತೆಯು ಸ್ವಲ್ಪ ಏರುಪೇರಾದರೂ ಬಣ್ಣ ಕೆಡುವುದು. ಒಣಗಿದ ಪ್ರತಿಯನ್ನು ಹಗಲಿನಲ್ಲಿ ಪರೀಕ್ಷಿಸಿ, ಬಣ್ಣದ ಗಾಜುಗಳನ್ನು ಬದಲಿಸಿ, ಇನ್ನೊಂದು ಕಾಗದವನ್ನು ವ್ಯಯಿಸಬೇಕು. ಹೀಗೆ ಕಣ್ಣಿನ ಅಧಿಕಾರವನ್ನು ಗಡಿಯಾರವೂ ಉಷ್ಣಮಾಪಕವೂ ವಹಿಸಿಕೊಂಡುವು. ಮನೆಯ ಕೋಣೆಯಲ್ಲಿ ವರ್ಣಮುದ್ರಣವನ್ನು ಸಾಧಿಸಿದವನು ಬಣ್ಣವನ್ನು ಗೆಲ್ಲುವುದಕ್ಕೆ ಮೊದಲು ತಾಳ್ಮೆಯನ್ನು ಗೆದ್ದವನು.